ಬೇಸಿಗೆಯಲ್ಲಿ ಹಿತ್ತಲಿಗೆ ಯಾವ ಸೊಪ್ಪು? ಬಿತ್ತನೆಯಿಂದ ಬಸ್ಸಾರಿನವರೆಗೆ (ಹಾಸನ, ಚಿಕ್ಕಮಗಳೂರು ಕಡೆಯವರಿಗೆ)

ಹಿತ್ತಲಮಡಿ, ಹಾಸನ

ಮನೆ ಹಿಂದೆ 10 ಅಡಿ ಉದ್ದ, 6 ಅಡಿ ಅಗಲ ಜಾಗ ಇದೆ. ಕೆಂಪು ಮಣ್ಣು. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಬಿಸಿಲು. ನಲ್ಲಿ ನೀರು ದಿನ ಬಿಟ್ಟು ದಿನ, ಡ್ರಮ್ಮಿನಲ್ಲಿ ಹಿಡಿದಿಡಬಹುದು. ಫೆಬ್ರವರಿ ಕೊನೆಗೆ ಬಿತ್ತಿದ ಪಾಲಕ್, ಮೆಂತ್ಯ, ಕೊತ್ತಂಬರಿ ಮೂರೂ ಗೇಣುದ್ದ ಆಗೋ ಮೊದಲೇ ಹೂಕಡ್ಡಿ ಎತ್ತಿವೆ. ನಾಲ್ಕು ಜನರ ಮನೆ, ವಾರಕ್ಕೆ ಮೂರು ದಿನ ಸೊಪ್ಪು ಬೇಕು. ಏಪ್ರಿಲ್, ಮೇ ತಿಂಗಳಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು? ಗೊತ್ತಿರೋರು ಅಳತೆ ಸಮೇತ ತಿಳಿಸಿ.

ಸಸಿಮಡಿ, ಮೂಡಿಗೆರೆ

ಇದು ಆರೈಕೆಯ ಕೊರತೆ ಅಲ್ಲ. ಪಾಲಕ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಎಲ್ಲ ಚಳಿಗಾಲದ ಬೆಳೆ. ಹಗಲು 30 ಡಿಗ್ರಿ ದಾಟಿ ಮಣ್ಣು ಕಾದರೆ ಎಲೆ ಬಿಡೋದು ನಿಲ್ಲಿಸಿ ಬೀಜ ಕಟ್ಟೋಕೆ ಹೊರಡುತ್ತವೆ. ಎಷ್ಟು ನೀರು ಹಾಕಿದರೂ ತಡೆಯೋಕಾಗಲ್ಲ. ಅವನ್ನು ಅಕ್ಟೋಬರಿನಿಂದ ಜನವರಿಯೊಳಗೆ ಬಿತ್ತಿ.

ಬೇಸಿಗೆಗೆ ನಂಬಬೇಕಾದ್ದು ದಂಟು (ನಮ್ಮ ಮಲೆನಾಡಿನ ಕಡೆ ಹರಿವೆ), ಬಸಳೆ, ಗೋಣಿಸೊಪ್ಪು, ಹೊನಗೊನ್ನೆ, ಚಕ್ರಮುನಿ. ಬೇಲಿ ಬದಿಗೆ ಒಂದು ನುಗ್ಗೆ. ದಂಟು ಮತ್ತು ಗೋಣಿಸೊಪ್ಪು ಜೋಳ, ಕಬ್ಬಿನ ಥರ ಸಿ4 ಗಿಡಗಳು, ಅಂದರೆ ಜೋರು ಬಿಸಿಲಿಗೆ ಒಗ್ಗಿದ ಕ್ರಮದಲ್ಲಿ ಆಹಾರ ತಯಾರಿಸೋ ಗಿಡಗಳು. ಪಾಲಕ್ ಬಾಡುವ ಬಿಸಿಲಲ್ಲಿ ಇವು ಇನ್ನೂ ಜೋರಾಗಿ ಬೆಳೆಯುತ್ತವೆ, ಅಷ್ಟೇ ತೂಕದ ಸೊಪ್ಪಿಗೆ ಕಡಿಮೆ ನೀರು ಸಾಕು. ಅದಕ್ಕೇ ದಂಟಿಗೆ ನೆರಳುಬಲೆ ಕಟ್ಟಬೇಡಿ. ನೆರಳಲ್ಲಿ ಕಾಂಡ ಸಣಕಲಾಗಿ ಎತ್ತರಕ್ಕೆ ಹೋಗುತ್ತೆ, ಕೆಂಪು ಜಾತಿಯ ಬಣ್ಣವೂ ಮಾಸುತ್ತೆ.

ತಳಿ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹಸಿರು, ಅಗಲ ಎಲೆ, ಮತ್ತೆ ಮತ್ತೆ ಕೊಯ್ಯಬಹುದು. ಬಿತ್ತಿದ 25ನೇ ದಿನದಿಂದ ಸುಮಾರು 90 ದಿನದವರೆಗೆ ಕೊಯ್ಲು. ಬಿಳಿ ತುಕ್ಕು ರೋಗವನ್ನ ಒಂದು ಮಟ್ಟಿಗೆ ತಡೆಯುತ್ತೆ. ನೇರಳೆ ಕೆಂಪು ಬೇಕಿದ್ದರೆ ಅರ್ಕಾ ಅರುಣಿಮಾ.

ಲೆಕ್ಕ ಹೀಗೆ. ಅರ್ಕಾ ಸುಗುಣದ ಇಳುವರಿ ಹೆಕ್ಟೇರಿಗೆ 25ರಿಂದ 30 ಟನ್ ಅಂತಾರೆ. ಅಂದರೆ ಚದರ ಮೀಟರಿಗೆ ಮೂರು ತಿಂಗಳಲ್ಲಿ ಎರಡೂವರೆಯಿಂದ ಮೂರು ಕೆಜಿ. ಒಂದು ಸಾರಿಗೆ 400 ಗ್ರಾಂ ಹಿಡಿದರೆ ನಿಮಗೆ ವಾರಕ್ಕೆ 1.2 ಕೆಜಿ, ಮೂರು ತಿಂಗಳಿಗೆ 15 ಕೆಜಿ ಮೇಲೆ ಬೇಕು. ನಿಮ್ಮ ಜಾಗ ಐದೂವರೆ ಚದರ ಮೀಟರ್. ದಂಟೊಂದನ್ನೇ ಹಾಕಿದರೆ ಅಂಚಿಗಂಚಿಗೆ ಆಗುತ್ತೆ. ಹಾಗಾಗಿ ಮೇಲಕ್ಕೆ ಹಬ್ಬುವ ಬಸಳೆಗೆ ಒಂದು ಅಂಚು ಕೊಡಿ. ನೆಲ ತಿನ್ನದೆ ಸೊಪ್ಪು ಕೊಡುತ್ತೆ.

ಪಾತಿಬದು, ಕಡೂರು

ಬಸಳೆ ಚಪ್ಪರ ಪಶ್ಚಿಮದ ಅಂಚಿಗೆ ಬರಲಿ. ಏಪ್ರಿಲ್ ಕೊನೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿ ಮೇಲಿರುತ್ತೆ, ಆಗ ಉತ್ತರ, ದಕ್ಷಿಣದ ನೆರಳು ಲೆಕ್ಕಕ್ಕೆ ಬರಲ್ಲ. ಪಶ್ಚಿಮದಲ್ಲಿ ಚಪ್ಪರ ಇದ್ದರೆ ಮೂರು ಗಂಟೆ ಮೇಲಿನ ಸುಡುಬಿಸಿಲನ್ನ ಎಳೆ ಸಸಿಗೆ ತಪ್ಪಿಸುತ್ತೆ.

ದಂಟು ಬಿತ್ತೋ ಕ್ರಮ ಹೇಳ್ತೀನಿ. 1 ಮೀಟರ್ ಅಗಲ, 3 ಮೀಟರ್ ಉದ್ದದ ಮಡಿಗೆ 6ರಿಂದ 8 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 300 ಗ್ರಾಂ ಬೇವಿನ ಹಿಂಡಿ. ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ, ಹೆಂಟೆ ಒಡೆದು ಪುಡಿ ಮಾಡಿ. ಬಿತ್ತುವ ಹಿಂದಿನ ದಿನ ಮಡಿ ಪೂರ್ತಿ ನೆನೆಯೋ ಹಂಗೆ ನೀರು ಬಿಡಿ. ಬೀಜ ಅರ್ಧ ಟೀ ಚಮಚ, ಅಂದಾಜು 2 ಗ್ರಾಂ, ಅಷ್ಟೇ. ಬೀಜ ಸಣ್ಣದು, ಕೈಯಲ್ಲಿ ಹಿಡಿದು ಚೆಲ್ಲಿದರೆ ಒಂದೇ ಕಡೆ ಬೀಳುತ್ತೆ. ಒಂದು ಲೋಟ ಒಣ ಮರಳಿಗೆ ಬೆರೆಸಿ, ಅರ್ಧ ಉದ್ದಕ್ಕೆ, ಉಳಿದರ್ಧ ಅಡ್ಡಕ್ಕೆ ಎರಚಿ. ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ, ಅರ್ಧ ಸೆಂಟಿಮೀಟರ್ ಮೀರದಂತೆ. ಆಳಕ್ಕೆ ಹೋದ ಬೀಜ ಹುಟ್ಟಲ್ಲ.

ಹುಲ್ಲು ಹೊದೆಸಿ, ಸಣ್ಣ ತೂತಿನ ಝಾರಿಯಲ್ಲಿ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಮೂರರಿಂದ ಐದು ದಿನಕ್ಕೆ ಮೊಳಕೆ. ಮೊಳಕೆ ಕಂಡ ದಿನವೇ ಹುಲ್ಲು ತೆಗೀಬೇಕು. ಒಂದು ದಿನ ತಡ ಆದರೂ ಸಸಿ ಬೆಳ್ಳಗೆ ಉದ್ದಕ್ಕೆ ಹೋಗಿ ಬಿದ್ದುಬಿಡುತ್ತೆ.

ಆಮೇಲೆ ಬೇಸಿಗೆ ಜೋರಿದ್ದಾಗ ಚದರ ಮೀಟರಿಗೆ ದಿನಕ್ಕೆ 5ರಿಂದ 6 ಲೀಟರ್. ನಿಮ್ಮ ಪೂರಾ ಜಾಗಕ್ಕೆ 30 ಲೀಟರ್ ಹತ್ತಿರ, ಎರಡು ದಿನಕ್ಕೆ 60. ಡ್ರಮ್ಮು ಸಾಲುತ್ತೆ.

ತಾರಸಿ, ಚನ್ನರಾಯಪಟ್ಟಣ

ಕಡೂರಿನ ಅಣ್ಣ, ಇರುವೆ ಬಗ್ಗೆ ಹೇಳಲೇ ಇಲ್ಲ. ಬಿತ್ತಿದ ರಾತ್ರಿಯೇ ಸಾಲು ಕಟ್ಟಿ ದಂಟಿನ ಬೀಜ ಹೊತ್ತೊಯ್ಯುತ್ತವೆ. ಇದಕ್ಕೇನು?

ಪಾತಿಬದು, ಕಡೂರು

ಮಡಿ ಸುತ್ತ ಎರಡು ಬೆರಳಗಲ ಒಲೆ ಬೂದಿ ಗೆರೆ ಎಳೀರಿ, ನೀರು ಬಿದ್ದು ಗೆರೆ ಕಲಸಿದರೆ ಮತ್ತೆ ಎಳೀರಿ. ಗೂಡಿನ ಬಾಯಿ ಹತ್ತಿರ ಒಂದು ಹಿಡಿ ಅಕ್ಕಿ ನುಚ್ಚೋ ರವೆಯೋ ಹಾಕಿ, ಅದನ್ನ ಸಾಗಿಸೋದರಲ್ಲಿ ಮೂರು ದಿನ ಕಳೆಯುತ್ತೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತೆ. ಬೀಜದ ಜೊತೆ ಕೀಟನಾಶಕದ ಪುಡಿ ಬೆರೆಸೋರು ಇದಾರೆ. 25 ದಿನಕ್ಕೆ ತಟ್ಟೆಗೆ ಬರೋ ಬೆಳೆ ಇದು, ದಯವಿಟ್ಟು ಅದು ಬೇಡ.

ತೆಂಗಿನತೋಪು, ಅರಸೀಕೆರೆ

ಬೂದಿ ಮಾತು ಬಂತಲ್ಲ, ಒಂದು ಎಚ್ಚರಿಕೆ. ನಮ್ಮ ಬಯಲುಸೀಮೆಯಲ್ಲಿ ಕೊಳವೆಬಾವಿ ನೀರು ಗಡಸು, ಮಣ್ಣು ಕ್ಷಾರದ ಕಡೆಗಿರುತ್ತೆ. ಅಲ್ಲಿ ಬೂದಿ, ಸುಣ್ಣ ಗೊಬ್ಬರದ ಹಾಗೆ ಸುರೀಬಾರದು. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದ ಹಾಗಾಗುತ್ತೆ. ಗುರುತು: ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಹಳೇ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ, ಎರಡನ್ನೂ ಒಂದೇ ಅಂದ್ಕೊಂಡು ಯೂರಿಯಾ ಹಾಕಬೇಡಿ.

ಗಡಸು ನೀರಿದ್ದವರು ಗೊಬ್ಬರ ಜಾಸ್ತಿ ಮಾಡಿ, ಮಳೆ ನೀರು ಹಿಡಿದಿದ್ದರೆ ಅದನ್ನ ಸೊಪ್ಪಿಗೆ ಮೀಸಲಿಡಿ. ಮಾರ್ಚಿನಿಂದಾಚೆ ಬರೋ ಒಂದೆರಡು ಅಡ್ಡ ಮಳೆಯಲ್ಲೂ ಚಾವಣಿಯಿಂದ ಡ್ರಮ್ಮು ತುಂಬಿಸ್ಕೋಬಹುದು.

ಅಂಗಳದಬಸಳೆ, ಕೊಪ್ಪ

ಮಲೆನಾಡಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಮಳೆಗೆ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿ. ನಮಗೆ ಬೂದಿ ಬೇಕು. ಚದರ ಮೀಟರಿಗೆ ಒಂದು ಹಿಡಿ, ಬಿತ್ತೋಕೆ 15 ದಿನ ಮೊದಲು. ಆದರೆ ಬೂದಿ ಮತ್ತು ಹಸಿ ಗೊಬ್ಬರ ಒಂದೇ ದಿನ ಬೆರೆಸಬೇಡಿ, ಗೊಬ್ಬರದಲ್ಲಿರೋ ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗುತ್ತೆ. ಕಾಫಿ ಸಿಪ್ಪೆ ಹಾಕೋದಿದ್ದರೆ ಪೂರ್ತಿ ಕಳಿತು ತಣ್ಣಗಾದ ಮೇಲೆ ಹಾಕಿ. ಬಿಸಿ ಇರುವಾಗ ಹಾಕಿದರೆ ಸಸಿ ಬೇರು ಸುಡುತ್ತೆ.

ಈಗ ಬಸಳೆ. ಬೀಜಕ್ಕಿಂತ ಬಳ್ಳಿ ತುಂಡು ಒಳ್ಳೇದು. ಪೆನ್ಸಿಲ್ ದಪ್ಪದ ಬಲಿತ ಕಾಂಡ, ಒಂದು ಅಡಿ ಉದ್ದ, ನಾಲ್ಕು ಗೆಣ್ಣು. ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ, ಕೆಳಗಿನ ಎಲೆ ಕಿತ್ತುಬಿಡಿ. ಒಂದೂವರೆ ಅಡಿಗೊಂದು. ಕತ್ತರಿಸಿದ ತುಂಡನ್ನ ನೆರಳಲ್ಲಿ ಅರ್ಧ ದಿನ ಒಣಗಿಸಿ ನೆಟ್ಟರೆ ಬುಡ ಕೊಳೆಯೋದು ಕಡಿಮೆ. ಬೀಜವೇ ಆದರೆ 24 ಗಂಟೆ ನೆನೆಸಿ, ಮೊಳಕೆಗೆ ಎರಡು ವಾರದವರೆಗೂ ಕಾಯಬೇಕಾಗುತ್ತೆ.

ಬಳ್ಳಿ ಎರಡು ಅಡಿ ಆದಾಗ ತುದಿ ಚಿವುಟಿ. ಆಗ ಪಕ್ಕದ ಕವಲು ಒಡೆಯುತ್ತವೆ. ಚಪ್ಪರ ಆರು ಅಡಿ ಎತ್ತರ ಸಾಕು, ಅದಕ್ಕಿಂತ ಮೇಲೆ ಹೋದರೆ ಕೊಯ್ಯೋದು ಕಷ್ಟ. ಬಸಳೆಗೆ ಬಿಸಿಲು ಎಷ್ಟಿದ್ದರೂ ಸರಿ, ಬಾಯಾರಿಕೆ ಮಾತ್ರ ಆಗದು. ನೀರು ತಪ್ಪಿದರೆ ಎಲೆ ಚಿಕ್ಕದಾಗಿ, ದಪ್ಪಗಾಗಿ, ಹೂ ಬೇಗ ಬರುತ್ತೆ. ಹಗಲು ಕಿರಿದಾಗುವ ಅಕ್ಟೋಬರ್ ಮೇಲೆ ಹೇಗೂ ಹೂ ಬಿಡುತ್ತೆ, ಅಷ್ಟರೊಳಗೆ ಹೊಸ ತುಂಡು ನೆಟ್ಟಿರಿ.

ಹಿತ್ತಲಮಡಿ, ಹಾಸನ

ಅಕ್ಕ, ಪಕ್ಕದ ಮನೆ ಬಸಳೆಯಲ್ಲಿ ಎಲೆ ತುಂಬಾ ಕೆಂಪು ಅಂಚಿನ ದುಂಡು ಚುಕ್ಕೆ. ಅದರ ತುಂಡು ತರಬಹುದಾ? ದಂಟಿಗೆ ಬರೋ ಕಾಯಿಲೆ, ಹುಳುಗಳ ಬಗ್ಗೆಯೂ ತಿಳಿಸಿ.

ಅಂಗಳದಬಸಳೆ, ಕೊಪ್ಪ

ಆ ಚುಕ್ಕೆ ಶಿಲೀಂಧ್ರ ರೋಗ, ಎಲೆ ಮೇಲೆ ನೀರು ನಿಂತರೆ ಹರಡುತ್ತೆ. ಬೇರೆ ಬಳ್ಳಿ ಹುಡುಕಿ. ಬಂದ ಮೇಲೆ ಚುಕ್ಕೆ ಎಲೆ ಕಿತ್ತು ಸುಟ್ಟು, ನೀರು ಬುಡಕ್ಕೆ ಮಾತ್ರ ಹಾಕಿ, ಬುಡದಲ್ಲಿ ಒಣ ಎಲೆ ಹೊದಿಕೆ ಹಾಕಿ ಮಣ್ಣು ಸಿಡಿಯದ ಹಾಗೆ ನೋಡ್ಕೊಳಿ.

ಇನ್ನೊಂದು, ಕಣ್ಣಿಗೆ ಕಾಣದ್ದು: ಬೇರುಗಂಟು ಜಂತುಹುಳು. ನೀರು ಗೊಬ್ಬರ ಸರಿ ಇದ್ದೂ ಬಳ್ಳಿ ಮಧ್ಯಾಹ್ನ ಜೋಲು ಬಿದ್ದು, ಎಲೆ ಸಣ್ಣಗಾಗ್ತಾ ಬಂದರೆ ಒಂದು ಬುಡ ಕಿತ್ತು ನೋಡಿ. ಬೇರಲ್ಲಿ ಮಣಿ ಪೋಣಿಸಿದ ಹಾಗೆ ಗಂಟಿದ್ದರೆ ಅದೇ. ಆ ಜಾಗದಲ್ಲಿ ಬಸಳೆ, ಟೊಮೆಟೊ, ಬದನೆ, ಬೆಂಡೆ ಯಾವುದನ್ನೂ ಮತ್ತೆ ಹಾಕಬೇಡಿ. ಒಂದು ಋತು ಚೆಂಡುಹೂ ಒತ್ತಾಗಿ ಬೆಳೆಸಿ, ಬೇವಿನ ಹಿಂಡಿ ಸೇರಿಸಿ ಮಣ್ಣು ತಿರುವಿ. ಗಂಟಿರುವ ಬೇರು ಗೊಬ್ಬರದ ಗುಂಡಿಗೆ ಹೋಗಬಾರದು.

ಸಸಿಮಡಿ, ಮೂಡಿಗೆರೆ

ದಂಟಿಗೆ ಮೂರು ತೊಂದರೆ ಮುಖ್ಯ. ಮೊದಲನೆಯದು ಎಳೆ ಸಸಿ ಬುಡದಲ್ಲಿ ಕೊಳೆತು ಗುಂಪಾಗಿ ಬೀಳೋದು. ಒತ್ತಾಗಿ ಬಿತ್ತಿ, ಸಂಜೆ ನೀರು ಜಾಸ್ತಿ ಹಾಕಿದರೆ ಖಂಡಿತ ಬರುತ್ತೆ. ಗೊಬ್ಬರ ಹಾಕುವಾಗಲೇ 10 ಕೆಜಿಗೆ 100 ಗ್ರಾಂ ಟ್ರೈಕೋಡರ್ಮಾ (ಕೊಳೆರೋಗ ತಡೆಯೋ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ ವಾರ ನೆರಳಲ್ಲಿ ತೇವವಾಗಿಟ್ಟು ಹಾಕಿ. ಬಿದ್ದ ಜಾಗದ ಸಸಿ ಉಳಿಯಲ್ಲ, ಸುತ್ತಲಿನ ಒಂದು ಗೇಣು ತೆಗೆದು ನೀರು ಕಡಿಮೆ ಮಾಡಿ.

ಎರಡನೆಯದು ಬಿಳಿ ತುಕ್ಕು. ಎಲೆ ಮೇಲ್ಭಾಗ ಮಸುಕು ಹಳದಿ, ತಿರುಗಿಸಿದರೆ ಕೆಳಗೆ ಸುಣ್ಣ ಚಿಮುಕಿಸಿದಂಥ ಬಿಳಿ ಗುಳ್ಳೆ. ಅಂಥ ಗಿಡ ಬೇರು ಸಮೇತ ತೆಗೆಯಿರಿ. ಗಿಡದ ನಡುವೆ ಗಾಳಿ ಆಡಬೇಕು, ನೀರು ಬೆಳಿಗ್ಗೆ ಹೊತ್ತು ಹಾಕಬೇಕು.

ಮೂರನೆಯದು ಎಲೆ ಹೆಣೆಯುವ ಹಸಿರು ಹುಳು. ಎರಡು ಎಲೆ ನೂಲಲ್ಲಿ ಅಂಟಿಸಿ ಒಳಗೆ ಕೂತು ತಿನ್ನುತ್ತೆ, ಜಾಲರಿ ಮಾತ್ರ ಉಳಿಯುತ್ತೆ. ಚಿಕ್ಕ ಮಡಿಯಲ್ಲಿ ಹೆಣೆದ ಎಲೆಯನ್ನ ಕೈಯಲ್ಲೇ ಹಿಸುಕಿ ತೆಗೆದರೆ ಸಾಕು. ಹೆಚ್ಚಾದರೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕರಗಿಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಬೇವಿನ ಗುಣ ಬೇಗ ಹೋಗುತ್ತೆ, ಅದಕ್ಕೇ ಸಂಜೆ. ಐದು ದಿನ ಬಿಟ್ಟು ಕೊಯ್ಯಿರಿ, ಇಲ್ಲದಿದ್ದರೆ ಸಾರು ಕಹಿ.

ತಾರಸಿ, ಚನ್ನರಾಯಪಟ್ಟಣ

ಕೊಯ್ಲು ಹೇಗೆ? ಬೇರು ಸಮೇತ ಕೀಳಬೇಕಾ, ಕತ್ತರಿಸಬೇಕಾ?

ಪಾತಿಬದು, ಕಡೂರು

ಎರಡೂ, ಅನುಕ್ರಮದಲ್ಲಿ. 20, 22ನೇ ದಿನ ಒತ್ತಾಗಿರೋ ಕಡೆ ಬೇರು ಸಮೇತ ಕಿತ್ತು ಅಡುಗೆಗೆ ಬಳಸಿ, ಗಿಡಕ್ಕೆ ಗಿಡ ಗೇಣು ಅಂತರ ಉಳಿಸಿ. ಉಳಿದದ್ದನ್ನ 28ನೇ ದಿನದ ಹೊತ್ತಿಗೆ ನೆಲದಿಂದ ನಾಲ್ಕು ಬೆರಳು ಮೇಲೆ, ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿ. ಗೆಣ್ಣು ಉಳಿಯದಿದ್ದರೆ ಚಿಗುರು ಬರಲ್ಲ. ಮುಂದೆ 10, 12 ದಿನಕ್ಕೊಮ್ಮೆ. ಪ್ರತಿ ಕೊಯ್ಲಿನ ಮಾರನೇ ದಿನ ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು, ಬುಡಕ್ಕೆ ಮಾತ್ರ. ಯೂರಿಯಾ ಹಾಕಲೇಬೇಕಿದ್ದರೆ ಚದರ ಮೀಟರಿಗೆ 5 ಗ್ರಾಂ ಮೀರಬೇಡಿ. ಹೆಚ್ಚು ಹಾಕಿದರೆ ಸೊಪ್ಪು ಕಡು ಹಸಿರಾಗಿ ಚೆಂದ ಕಾಣುತ್ತೆ, ಒಳಗೆ ನೈಟ್ರೇಟ್ ತುಂಬಿಕೊಂಡಿರುತ್ತೆ, ಹುಳುವೂ ಜಾಸ್ತಿ ಬೀಳುತ್ತೆ. ಜಾಗವನ್ನ ಮೂರು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತಿದರೆ ಯಾವ ವಾರವೂ ಖಾಲಿ ಹೋಗಲ್ಲ.

ಮುದ್ದೆಊಟ, ಹೊಳೆನರಸೀಪುರ

ಬೆಳೆಸೋದು ಆಯ್ತು. ಇನ್ನು ಬಸ್ಸಾರು. ನಾಲ್ಕು ಜನಕ್ಕೆ: ದಂಟು ಸೊಪ್ಪು 400 ಗ್ರಾಂ, ತೊಗರಿಬೇಳೆ ಒಂದು ಲೋಟ (ಹಸಿ ಅಲಸಂದೆ, ಅವರೆಕಾಳು ಸಿಕ್ಕರೆ ಇನ್ನೂ ರುಚಿ), ನೀರು ಆರು ಲೋಟ. ಕುಕ್ಕರ್ ಬೇಡ, ಬೇಳೆ ಕರಗಿದರೆ ಬಸಿಯೋಕೆ ಆಗಲ್ಲ, ಪಲ್ಯ ಗಂಜಿಯಾಗುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಮುಕ್ಕಾಲು ಬೆಂದಾಗ ಮೊದಲು ದಂಟಿನ ತುಂಡು, ಐದು ನಿಮಿಷ ಬಿಟ್ಟು ಎಲೆ, ಉಪ್ಪು. ಎಲೆ ಹಾಕಿದ ಮೇಲೆ ಮುಚ್ಚಳ ಮುಚ್ಚಬೇಡಿ, ಬಣ್ಣ ಕಂದುತ್ತೆ. ಬೇಳೆ ಬೆರಳಲ್ಲಿ ಹಿಸುಕಿದರೆ ಒಡೆಯೋ ಹದಕ್ಕೆ ಬಸಿಯಿರಿ. ನಾಲ್ಕು ಲೋಟ ಕಟ್ಟು ಸಿಗಬೇಕು.

ಮಸಾಲೆಗೆ ಚೂರು ಎಣ್ಣೆಯಲ್ಲಿ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು, ಬ್ಯಾಡಗಿ ನಾಲ್ಕು, ಗುಂಟೂರು ಎರಡು, ಧನಿಯಾ ಎರಡು ಚಮಚ, ಜೀರಿಗೆ ಒಂದು ಚಮಚ, ಕಾಳುಮೆಣಸು ಆರು. ಅರ್ಧ ಲೋಟ ಕಾಯಿತುರಿ, ಗೋಲಿ ಗಾತ್ರ ಹುಣಸೆಹಣ್ಣು. ರುಬ್ಬುವಾಗ ಬಸಿದ ಸೊಪ್ಪು ಬೇಳೆ ಒಂದು ಹಿಡಿ ಸೇರಿಸಲೇಬೇಕು, ಸಾರಿಗೆ ಮಂದ ಬರೋದು ಅದರಿಂದ. ಕಟ್ಟಿಗೆ ಹಾಕಿ ಹತ್ತು ನಿಮಿಷ ಕುದಿಸಿ. ಸೊಪ್ಪು ಬೇಯುವಾಗಲೇ ಹುಣಸೆ ಹಾಕಿದರೆ ಬೇಳೆ ಬೇಗ ಬೇಯಲ್ಲ, ಹಸಿರೂ ಹೋಗುತ್ತೆ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸು, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಬಿಸಿ ರಾಗಿಮುದ್ದೆ.

ಹೊತ್ತಿಲ್ಲದವರಿಗೆ ಉಪ್ಸಾರು: ಅದೇ ಕಟ್ಟು, ಮಸಾಲೆ ಬದಲು ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ರುಬ್ಬಿದ ಖಾರ.

ತೆಂಗಿನತೋಪು, ಅರಸೀಕೆರೆ

ಮೂತ್ರಪಿಂಡದಲ್ಲಿ ಕಲ್ಲಾದವರು ಈ ಸೊಪ್ಪು ತಿನ್ನಬಾರದು ಅಂತಾರೆ. ಬಸಿದರೆ ದೋಷ ಹೋಗುತ್ತೆ ಅಂತಲೂ ಅಂತಾರೆ. ಯಾವುದು ನಿಜ?

ಸಸಿಮಡಿ, ಮೂಡಿಗೆರೆ

ದಂಟು, ಬಸಳೆ, ಗೋಣಿಸೊಪ್ಪು ಮೂರರಲ್ಲೂ ಆಕ್ಸಲೇಟ್ (ಮೂತ್ರಪಿಂಡದ ಕಲ್ಲು ಕಟ್ಟೋಕೆ ಕಾರಣವಾಗೋ ಅಂಶ) ಜಾಸ್ತಿ. ಕುದಿಸಿದಾಗ ಅದರಲ್ಲಿ ನೀರಿಗೆ ಕರಗೋ ಪಾಲು ನೀರಿಗಿಳಿಯುತ್ತೆ, ಇದು ನಿಜ. ಆದರೆ ಬಸ್ಸಾರಲ್ಲಿ ನಾವು ಆ ನೀರನ್ನೇ ಸಾರು ಮಾಡಿ ಉಣ್ಣುತ್ತೀವಿ! ಹಾಗಾಗಿ ಕಲ್ಲಾದವರು ಕಟ್ಟು ಬಿಟ್ಟು ಪಲ್ಯ ಮಾತ್ರ, ಅದೂ ಅಳತೆಯಲ್ಲಿ, ಮೊಸರು ಮಜ್ಜಿಗೆ ಜೊತೆ ತಿನ್ನಬೇಕು. ಮೊಸರಿನ ಸುಣ್ಣದಂಶ ಆಕ್ಸಲೇಟನ್ನ ಹೊಟ್ಟೆಯಲ್ಲೇ ಹಿಡಿಯುತ್ತೆ, ರಕ್ತಕ್ಕೆ ಹೋಗೋದು ಕಡಿಮೆಯಾಗುತ್ತೆ. ಎಷ್ಟು ತಿನ್ನಬಹುದು ಅನ್ನೋದನ್ನ ನೋಡ್ತಿರೋ ವೈದ್ಯರನ್ನೇ ಕೇಳಿ. ಉಳಿದವರು ನಿಶ್ಚಿಂತೆಯಿಂದ ಬಸ್ಸಾರು ಉಣ್ಣಿ.

ಚಕ್ರಮುನಿ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ತುಂಡು ನೆಟ್ಟರೆ ವರ್ಷಗಟ್ಟಲೆ ಬರೋ ಒಳ್ಳೆ ಸೊಪ್ಪು, ಪಲ್ಯಕ್ಕೆ, ದೋಸೆ ಹಿಟ್ಟಿಗೆ ಬೇಯಿಸಿ ಬಳಸಿ. ಹಸಿ ರಸ ಹಿಂಡಿ ಕುಡಿಯೋ ಗೀಳು ಮಾತ್ರ ಬೇಡವೇ ಬೇಡ. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ವಾರಗಟ್ಟಲೆ ಇದರ ಹಸಿ ರಸ ಕುಡಿದ ಅನೇಕರಿಗೆ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಹೋಗಿ, ಸರಿಯಾಗದ ಹಾನಿ ಆಯ್ತು.

ಅಂಗಳದಬಸಳೆ, ಕೊಪ್ಪ

ಬಸಳೆ ಲೋಳೆ ಅಂತ ದೂರ ಇಡೋರಿಗೆ: ತೊಳೆದು ನೀರು ಪೂರ್ತಿ ಸೋರಿದ ಮೇಲೆ ಹೆಚ್ಚಿ, ದೊಡ್ಡ ತುಂಡು ಮಾಡಿ, ಬೇಯುವಾಗ ಪದೇ ಪದೇ ಸೌಟು ಆಡಿಸಬೇಡಿ. ಹುಳಿ ಬಿದ್ದರೆ ಲೋಳೆ ತಗ್ಗುತ್ತೆ. ಬಲಿತ ಬಸಳೆ ದಂಟಿನ (ಕಾಂಡದ) ಸಿಪ್ಪೆ ನಾರು ತೆಗೀಬೇಕು.

ಬಸಳೆ ಹುಳಿಗೆ: ಎರಡಂಗುಲದ ಬಸಳೆ ದಂಟಿನ ತುಂಡು ಎರಡು ಲೋಟ, ಎಲೆ ನಾಲ್ಕು ಲೋಟ, ಬೆಂದ ತೊಗರಿಬೇಳೆ ಒಂದು ಲೋಟ. ಏಪ್ರಿಲ್, ಮೇಯಲ್ಲಿ ಹಲಸಿನ ಬೀಜ ಇರುತ್ತೆ, ಜಜ್ಜಿ ಸಿಪ್ಪೆ ತೆಗೆದು ಹತ್ತು ಹನ್ನೆರಡು ಮೊದಲೇ ಬೇಯಿಸಿಡಿ. ಕೊಬ್ಬರಿ ಎಣ್ಣೆಯಲ್ಲಿ ಉದ್ದಿನಬೇಳೆ ಒಂದು ಚಮಚ, ಕೊತ್ತಂಬರಿ ಬೀಜ ಒಂದೂವರೆ ಚಮಚ, ಮೆಂತ್ಯ ಕಾಲು ಚಮಚ, ಬ್ಯಾಡಗಿ ಆರು ಹುರಿದು ಒಂದು ಲೋಟ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ. ದಂಟು ಬೆಂದ ಮೇಲೆ ಎಲೆ, ಎರಡು ಕುದಿ ಬಂದ ಮೇಲೆ ಹುಣಸೆ ರಸ, ಬೆಲ್ಲ, ಬೇಳೆ, ಮಸಾಲೆ. ಬೆಳ್ಳುಳ್ಳಿ ಒಗ್ಗರಣೆ. ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಇನ್ನೂ ರುಚಿ, ಅಕ್ಕಿ ಕಡುಬಿಗೆ ಹೊಂದುತ್ತೆ.

ಪಾತಿಬದು, ಕಡೂರು

ಗೋಣಿಸೊಪ್ಪು ಯಾರೂ ಬಿತ್ತಬೇಕಿಲ್ಲ, ಮಡಿ ಬದುವಲ್ಲಿ ತಾನೇ ಬರುತ್ತೆ. ಕೀಳುವಾಗ ಕಾಂಡ ಮುರಿದು ನೋಡಿ. ಗೋಣಿಸೊಪ್ಪಿನ ಕಾಂಡ ರಸಭರಿತ, ಹಾಲು ಬರಲ್ಲ. ನೆಲಕ್ಕಂಟಿ ಹರಡೋ, ಮುರಿದರೆ ಬಿಳಿ ಹಾಲು ಬರೋ ಕಳೆ ಬೇರೆ, ಅದು ತಿನ್ನೋದಲ್ಲ. ನೀರು ಕಡಿಮೆ ಇದ್ದಾಗ ಬೆಳಿಗ್ಗೆ ಕಿತ್ತದ್ದು ಹುಳಿ ಜಾಸ್ತಿ, ಸಂಜೆ ಕಿತ್ತದ್ದು ಸಪ್ಪೆ. ರಾತ್ರಿ ಗಿಡ ಹುಳಿ ಕೂಡಿಟ್ಟು ಹಗಲು ಬಳಸಿಕೊಳ್ಳುತ್ತೆ. ಬೇಳೆ ಜೊತೆ ಮಸ್ಸಾರಿಗೆ ಬೆಳಗಿನದು ಒಳ್ಳೇದು, ಹುಣಸೆ ಕಡಿಮೆ ಸಾಕು.

ಹಿತ್ತಲಮಡಿ, ಹಾಸನ

ಎಲ್ಲರಿಗೂ ನಮಸ್ಕಾರ, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಕೊನೆಯದಾಗಿ ಎರಡು: ಜೂನ್ ಮಳೆ ಹಿಡಿದ ಮೇಲೆ ದಂಟು ಉಳಿಯುತ್ತಾ? ಬೀಜ ಮನೆಯಲ್ಲೇ ಮಾಡ್ಕೋಬಹುದಾ?

ಸಸಿಮಡಿ, ಮೂಡಿಗೆರೆ

ಹಾಸನದ ಮಳೆಗೆ ಮಡಿಯನ್ನ ಗೇಣು ಎತ್ತರಿಸಿ ಬಸಿಗಾಲುವೆ ಬಿಟ್ಟರೆ ಆಗಸ್ಟ್‌ವರೆಗೂ ಬಿತ್ತಬಹುದು. ಮೂಡಿಗೆರೆ, ಸಕಲೇಶಪುರ, ಕೊಪ್ಪದಲ್ಲಿ ಜೂನಿನಿಂದ ದಂಟಿನ ಆಸೆ ಬಿಟ್ಟು ಕೆಸು, ಹೊನಗೊನ್ನೆ ನೆಚ್ಚಿಕೊಳ್ಳಿ. ಅಕ್ಟೋಬರ್ ದಾಟಿ ಬಿತ್ತಿದ ದಂಟು ಹಗಲು ಕಿರಿದಾದ್ದರಿಂದ ಚಿಕ್ಕದಿದ್ದಾಗಲೇ ತೆನೆ ಹಾಕುತ್ತೆ.

ಬೀಜಕ್ಕೆ ತಡವಾಗಿ ತೆನೆ ಬಿಡುವ ಐದಾರು ಗಿಡ ಗುರುತಿಟ್ಟು ಕೊಯ್ಯದೆ ಬಿಡಿ. ಬೇಗ ತೆನೆ ಬಿಟ್ಟದ್ದರ ಬೀಜ ಇಟ್ಟರೆ ಮುಂದಿನ ಬೆಳೆಯೂ ಬೇಗ ತೆನೆಗೆ ಹೋಗುತ್ತೆ. ಹೂಪುಡಿ ಗಾಳಿಯಲ್ಲಿ ಹಾರೋದರಿಂದ ಹಸಿರು, ಕೆಂಪು ಎರಡೂ ಒಟ್ಟಿಗೆ ಹೂ ಬಿಡಲು ಬಿಡಬೇಡಿ, ಸುತ್ತ ಇರೋ ಮುಳ್ಳುದಂಟನ್ನೂ ಕೀಳಿ. ತೆನೆ ಉಜ್ಜಿದರೆ ಕರಿ ಬೀಜ ಉದುರೋ ಹೊತ್ತಿಗೆ ಕೊಯ್ದು, ಬಟ್ಟೆ ಮೇಲೆ ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಉಜ್ಜಿ, ಮೊರದಲ್ಲಿ ಕೇರಿ. ಗಾಜಿನ ಸೀಸೆಗೆ ಹಾಕಿ ಮೇಲೆ ಒಣ ಬೇವಿನ ಎಲೆ, ತಿಂಗಳು ಬರೆದ ಚೀಟಿ. ಫೆಬ್ರವರಿಯಲ್ಲಿ ಬಿತ್ತುವ ಮೊದಲು ಒದ್ದೆ ಬಟ್ಟೆಯಲ್ಲಿ 50 ಬೀಜ ಕಟ್ಟಿಟ್ಟು ನೋಡಿ. ಐದು ದಿನಕ್ಕೆ 35ಕ್ಕಿಂತ ಕಡಿಮೆ ಮೊಳೆತರೆ ಬೀಜದ ಪ್ರಮಾಣ ಒಂದೂವರೆ ಪಟ್ಟು ಮಾಡಿ.